ಬಂಟ್ವಾಳದ ಅಂಕಿ, ಮಂಗಳೂರಿನ ನಿದ್ದೆ

ಆಟಿ ತಿಂಗಳಲ್ಲಿ ಎರಡು ದಿನ ಬಿಡದೆ ಮಳೆ ಹೊಡೆದರೆ ಮಂಗಳೂರಿನ ಹೋಟೆಲುಗಳಲ್ಲಿ ಒಂದೇ ಮಾತು. "ಬಂಟ್ವಾಳದಲ್ಲಿ ಎಷ್ಟುಂಟಂತೆ?" "ಏಳೂವರೆ ಅಂತೆ." "ಹಾಗಾದ್ರೆ ಇನ್ನೂ ಒಂದು ಮೀಟರ್ ಉಂಟಲ್ಲ ಮಾರಾಯ್ರೆ!" ಅಲ್ಲಿಗೆ ನೇತ್ರಾವತಿಯ ವಿಷಯ ಮುಗಿಯಿತು. ಗೋಳಿಬಜೆಯ ತಟ್ಟೆ ಹತ್ತಿರ ಎಳೆದುಕೊಂಡು ಜನ ಮೀನಿನ ರೇಟಿನ ಚರ್ಚೆಗೆ ಇಳಿಯುತ್ತಾರೆ.

ಕೇಂದ್ರ ಜಲ ಆಯೋಗ ಬಂಟ್ವಾಳದಲ್ಲಿ ನದಿಯ ಮಟ್ಟ ಅಳೆಯುತ್ತದೆ. ಅಲ್ಲಿ ಅಪಾಯದ ಗೆರೆ 8.5 ಮೀಟರ್. ಈ ಎಂಟೂವರೆ ನಮ್ಮೂರಿನಲ್ಲಿ ಮಂತ್ರವಾಗಿಬಿಟ್ಟಿದೆ. ಅದರ ಕೆಳಗಿದ್ದರೆ ನೆಮ್ಮದಿ. ಮೇಲೇರಿದರೆ ಟಿವಿಯವರು ಬಂಟ್ವಾಳಕ್ಕೆ ಓಡುತ್ತಾರೆ, ನಾವು ಮನೆಯಲ್ಲಿ ಕೂತು ನೋಡುತ್ತೇವೆ. ಎರಡು ಸಂದರ್ಭದಲ್ಲೂ ಮಂಗಳೂರು ಪ್ರೇಕ್ಷಕ. ಈ ನಿಶ್ಚಿಂತೆಯ ಬುಡದಲ್ಲಿರುವ ನಂಬಿಕೆಯನ್ನು ಬಿಡಿಸಿ ಹೇಳುವುದಾದರೆ ಹೀಗೆ: ನೆರೆ ಎಂಬುದು ಉಪ್ಪಿನಂಗಡಿ, ಬಂಟ್ವಾಳ, ಪಾಣೆಮಂಗಳೂರಿನವರ ಪಾಡು. ನಮಗೆ ಕಡಲು ಉಂಟು, ಬಂದ ನೀರು ಕಡಲಿಗೆ ಹೋಗುತ್ತದೆ. ಹೆಚ್ಚುಕಡಿಮೆಯಾದರೆ ಬಂಟ್ವಾಳದ ಅಂಕಿ ಮೊದಲೇ ಹೇಳುತ್ತದೆ.

ಈ ಮೂರು ವಾಕ್ಯಗಳಲ್ಲಿ ಒಂದೂ ನೆಟ್ಟಗಿಲ್ಲ.

ನಂಬಿಕೆ ಹುಟ್ಟಿದ್ದು ಎಲ್ಲಿ ಎನ್ನುವುದನ್ನು ಮೊದಲು ನೋಡಬೇಕು. ಅದು ಗುಡ್ಡದ ಮೇಲೆ ಹುಟ್ಟಿದ್ದು. ಕದ್ರಿ, ಬೆಂದೂರು, ಬಿಜೈ, ಲೈಟ್‌ಹೌಸ್ ಹಿಲ್ ಎಲ್ಲವೂ ಮುರಕಲ್ಲಿನ ದಿಣ್ಣೆಗಳು. ಹಂಪನಕಟ್ಟೆಯ ಅಂಗಡಿಗೆ ನೇತ್ರಾವತಿ ಬರುವುದಿಲ್ಲ ಎಂದರೆ ಯಾರೂ ತಕರಾರು ಮಾಡುವುದಿಲ್ಲ, ನಾನೂ ಮಾಡುವುದಿಲ್ಲ. ಆದರೆ ಮಂಗಳೂರು ಎಂದರೆ ದಿಣ್ಣೆ ಮಾತ್ರವೇ? ಜಪ್ಪಿನಮೊಗರು, ಕಣ್ಣೂರು, ಅಡ್ಯಾರು, ಬೋಳಾರದ ದಂಡೆ, ಆಚೆ ಉಳ್ಳಾಲದ ತಗ್ಗು, ಇತ್ತ ಫಲ್ಗುಣಿಯ ಪಕ್ಕದ ಕೂಳೂರು, ನದಿಗೂ ಕಡಲಿಗೂ ನಡುವೆ ಒಂದು ಪಟ್ಟಿ ಮರಳಿನ ಮೇಲೆ ಕೂತಿರುವ ಬೆಂಗ್ರೆ, ಇವೆಲ್ಲ ಯಾವ ಊರು? ನಿರ್ಧಾರ ಮಾಡುವವರು ದಿಣ್ಣೆಯಲ್ಲಿದ್ದಾರೆ, ಒದ್ದೆಯಾಗುವವರು ಬೈಲಿನಲ್ಲಿದ್ದಾರೆ. ಆದ್ದರಿಂದ "ಮಂಗಳೂರಿಗೆ ನೆರೆ ಬರುವುದಿಲ್ಲ" ಎನ್ನುವುದು ಭೂಗೋಳದ ಮಾತಲ್ಲ, ವಿಳಾಸದ ಮಾತು.

ಇನ್ನು ಕಡಲಿನ ವಿಷಯ. ಕಡಲು ನಮ್ಮ ಬಚ್ಚಲು ಕಿಂಡಿ, ಎಷ್ಟು ಸುರಿದರೂ ಇಳಿದುಹೋಗುತ್ತದೆ ಎಂಬ ಭಾವನೆ ಎಷ್ಟು ಆಳವಾಗಿದೆಯೆಂದರೆ, ನದಿಯ ನೀರು ಸಮುದ್ರ ಸೇರಿದರೆ "ವ್ಯರ್ಥ" ಎಂದು ಅದನ್ನು ಪೂರ್ವಕ್ಕೆ ತಿರುಗಿಸಹೊರಟ ಎತ್ತಿನಹೊಳೆ ಯೋಜನೆಯ ವಾದಿಗಳೂ, ಅದನ್ನು ವಿರೋಧಿಸಿ ಬೀದಿಗಿಳಿದ ನಾವೂ ಈ ಒಂದು ವಿಷಯದಲ್ಲಿ ಒಂದೇ. ಅಳಿವೆ ಬಾಗಿಲಿನಲ್ಲಿ ದೋಣಿ ನಡೆಸುವವರನ್ನು ಕೇಳಿ ನೋಡಿ, ಅವರು ಬೇರೆಯೇ ಹೇಳುತ್ತಾರೆ. ನೇತ್ರಾವತಿ ಮತ್ತು ಫಲ್ಗುಣಿ, ಎರಡು ಹೊಳೆಗಳಿಗೂ ಹೊರಹೋಗಲು ಇರುವುದು ಒಂದೇ ಬಾಗಿಲು. ಆ ಬಾಗಿಲನ್ನು ಕಡಲು ದಿನಕ್ಕೆ ಎರಡು ಸಲ ಒಳಗಿನಿಂದ ಅಲ್ಲ, ಹೊರಗಿನಿಂದ ನೂಕುತ್ತದೆ. ನಮ್ಮ ಕರಾವಳಿಯ ಉಬ್ಬರ ಗುಜರಾತಿನ ಖಂಭಾತದಷ್ಟು ದೊಡ್ಡದಲ್ಲ. ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ನಡುವೆ ಒಂದೂವರೆ ಮೀಟರಿನ ಆಸುಪಾಸು. ಅಷ್ಟೇ ತಾನೇ ಎನ್ನಬೇಡಿ. ಬೈಲಿನ ಮನೆಯ ಜಗಲಿಗೂ ತೋಡಿನ ನೀರಿಗೂ ಮಳೆಗಾಲದಲ್ಲಿ ಉಳಿಯುವ ಅಂತರ ಎಷ್ಟೆಂದು ಅಲ್ಲಿನವರಿಗೆ ಗೊತ್ತು. ಜೊತೆಗೆ ಪಶ್ಚಿಮದ ಗಾಳಿ ಕಡಲನ್ನು ದಡಕ್ಕೆ ಒತ್ತಿ ಹಿಡಿದಿರುತ್ತದೆ. ಅಂಥ ಹೊತ್ತಿನಲ್ಲಿ ಹೊಳೆಯ ಕೆಂಪು ನೀರು ಬಾಗಿಲಿಗೆ ಬಂದು ಕಾಯುತ್ತದೆ. ಕಾಯುವ ನೀರು ಸುಮ್ಮನೆ ನಿಲ್ಲುವುದಿಲ್ಲ, ಹಿಂದಕ್ಕೆ ಏರುತ್ತದೆ.

ಇಲ್ಲಿ ಎರಡು ತಾರೀಖುಗಳನ್ನು ಪಂಚಾಂಗದ ಪಕ್ಕ ಇಟ್ಟು ನೋಡುವುದು ಒಳ್ಳೆಯದು.

2018ರ ಮೇ 29. ಮಳೆಗಾಲ ಇನ್ನೂ ಸರಿಯಾಗಿ ಶುರುವಾಗಿರಲಿಲ್ಲ. ಬೆಳಗ್ಗೆ ಹಿಡಿದ ಮಳೆ ನಗರವನ್ನೇ ಮುಳುಗಿಸಿತು. ಕೊಟ್ಟಾರ ಚೌಕಿ, ಪಾಂಡೇಶ್ವರ, ಪಡೀಲ್ ಕಡೆಯೆಲ್ಲ ನೀರು. ಮಕ್ಕಳು ಶಾಲೆಯಿಂದ ಮನೆಗೆ ಬರುವುದೇ ಸಾಹಸವಾಯಿತು, ಸಾವುಗಳೂ ಆದವು. ರಾಜಕಾಲುವೆಯ ಒತ್ತುವರಿ, ಹೂಳು, ಪ್ಲಾಸ್ಟಿಕ್ ಎಂದು ವಾರಗಟ್ಟಲೆ ಚರ್ಚೆ ನಡೆಯಿತು. ಎಲ್ಲವೂ ನಿಜ, ಮಳೆಯೇ ಮೊದಲ ಕಾರಣ, ಒತ್ತುವರಿ ಎರಡನೆಯದು. ಆದರೆ ಅಂದು ಹುಣ್ಣಿಮೆ ಎನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡ ಮಾತು ಮಾತ್ರ ಆ ಗದ್ದಲದಲ್ಲಿ ನನ್ನ ಕಿವಿಗೆ ಬೀಳಲಿಲ್ಲ. ರಾಜಕಾಲುವೆ ಕೊನೆಗೆ ಸೇರುವುದು ಉಬ್ಬರ ಏರುವ ಹೊಳೆಗೆ. ಕಾಲುವೆಯ ಬಾಯಿ ಎಷ್ಟು ಹೊತ್ತು ತೆರೆದಿತ್ತು, ಎಷ್ಟು ಹೊತ್ತು ಉಬ್ಬರಕ್ಕೆ ಮುಚ್ಚಿತ್ತು ಎನ್ನುವ ಲೆಕ್ಕವಿಲ್ಲದೆ ಹೂಳಿನ ಲೆಕ್ಕ ಮಾತ್ರ ಹಿಡಿದು ಕೂತರೆ ಅರ್ಧ ಸತ್ಯ ಸಿಗುತ್ತದೆ.

ಎರಡನೆಯದು 2019ರ ಆಗಸ್ಟ್ 9 ಮತ್ತು 10. ವರಮಹಾಲಕ್ಷ್ಮಿಯ ದಿನ, ಮರುದಿನ. ಬೆಳ್ತಂಗಡಿಯ ಘಟ್ಟದ ಬುಡದಲ್ಲಿ ಗುಡ್ಡಗಳು ಜರಿದವು, ನೇತ್ರಾವತಿ ಅಪಾಯದ ಗೆರೆಯನ್ನು ಎಷ್ಟೋ ಮೇಲೆ ದಾಟಿ ಬಂಟ್ವಾಳ ಪೇಟೆಗೆ ನುಗ್ಗಿತು. ಅಷ್ಟು ನೀರು ಕೆಳಗೆ ಬಂದಾಗಲೂ ಮಂಗಳೂರಿನ ತಗ್ಗುಗಳಲ್ಲಿ ಆದ ಹಾನಿ ಬಂಟ್ವಾಳದ ಹತ್ತಿರಕ್ಕೂ ಬರಲಿಲ್ಲ. "ನೋಡಿದಿರಾ, ನಮಗೆ ಏನೂ ಆಗಲಿಲ್ಲ" ಎಂದು ನಮ್ಮ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಪಂಚಾಂಗ ತೆಗೆಯಿರಿ. ಅವು ಅಷ್ಟಮಿಯ ಮರುದಿನಗಳು. ಅರ್ಧ ಚಂದ್ರನ ಹೊತ್ತಿಗೆ ಉಬ್ಬರ ಸೊರಗಿರುತ್ತದೆ ಎನ್ನುವುದು ಮೀನುಗಾರರ ಮನೆಯ ಮಕ್ಕಳಿಗೂ ಗೊತ್ತಿರುವ ವಿಷಯ. ಬಾಗಿಲು ಅಂದು ಅಗಲಕ್ಕೆ ತೆರೆದಿತ್ತು. ಹುಣ್ಣಿಮೆ ಬಂದದ್ದು ಆಗಸ್ಟ್ 15ಕ್ಕೆ. ಅದೇ ನೆರೆ ಐದಾರು ದಿನ ತಡವಾಗಿ ಹೊರಟಿದ್ದರೆ ಅದು ಎಲ್ಲಿ ನಿಲ್ಲುತ್ತಿತ್ತು, ಯಾರ ಅಂಗಳದಲ್ಲಿ ನಿಲ್ಲುತ್ತಿತ್ತು?

ಹುಣ್ಣಿಮೆಯಲ್ಲಿ ಹೊಳೆ ಸಣ್ಣದಿತ್ತು, ದೊಡ್ಡ ಹೊಳೆ ಬಂದಾಗ ಅಷ್ಟಮಿ ಆಗಷ್ಟೇ ಕಳೆದಿತ್ತು. ಎರಡೂ ಒಟ್ಟಿಗೆ ಬಂದ ದಿನ ಏನಾಗುತ್ತದೆಂದು ಈಗಿನ ಮಂಗಳೂರು ಕಂಡಿಲ್ಲ. ಕಾಣದಿರುವುದನ್ನು ನಾವು ಬಾರದಿರುವುದು ಎಂದು ಓದಿಕೊಂಡಿದ್ದೇವೆ. ಆಟಿ ಅಮಾವಾಸ್ಯೆಯಂದು ಬೆಳಕು ಹರಿಯುವ ಮೊದಲೇ ಎದ್ದು ಪಾಲೆ ಮರದ ಕೆತ್ತೆ ತಂದು ಕಷಾಯ ಕುಡಿಯುವುದನ್ನು ಮರೆಯದ ಜನ ನಾವು. ಅದೇ ಅಮಾವಾಸ್ಯೆಯ ಸುತ್ತ ಅಳಿವೆಯಲ್ಲಿ ಕಡಲು ಎತ್ತರದಲ್ಲಿರುತ್ತದೆ, ಅದೇ ಆಟಿಯಲ್ಲಿ ಘಟ್ಟದ ಮಳೆ ಜೋರಿರುತ್ತದೆ ಎನ್ನುವ ಕಷಾಯ ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ.

ಈಗ ಆ ಎಂಟೂವರೆಗೆ ಬರೋಣ. ಬಂಟ್ವಾಳದ ಅಂಕಿ ಸುಳ್ಳಲ್ಲ. ಅದು ಬಂಟ್ವಾಳಕ್ಕೆ ನಿಜ. ನದಿಯಲ್ಲಿ ಒಂದು ಜಾಗಕ್ಕೆ ಒಂದು ಸೊನ್ನೆ ಹಿಡಿದು, ಅಲ್ಲಿಂದ ಮೇಲೆ ಎಷ್ಟು ಎಂದು ಅಳೆಯುತ್ತಾರೆ. 8.5 ಎಂದರೆ ಆ ಊರಿನ ಆ ತಿರುವಿನಲ್ಲಿ, ಆ ಪೇಟೆಯ ಎತ್ತರಕ್ಕೆ ಹೊಂದಿಸಿದ ಗೆರೆ. ಅದನ್ನು ತಂದು ಜಪ್ಪಿನಮೊಗರಿನಲ್ಲಿ ಅಪಾಯ ಇಲ್ಲ ಎನ್ನುವುದು, ಪಕ್ಕದ ಮನೆಯವರ ಜ್ವರ ನೋಡಿ ನಮ್ಮ ಮಗುವಿಗೆ ಮದ್ದು ನಿಲ್ಲಿಸಿದಂತೆ. ಬಂಟ್ವಾಳದಿಂದ ಕೆಳಗೆ ತುಂಬೆ, ಫರಂಗಿಪೇಟೆ, ಅಡ್ಯಾರಿನ ಗುಡ್ಡಗಳ ಮಳೆಯೂ ಇದೇ ಹೊಳೆಗೆ ಬೀಳುತ್ತದೆ. ಅದು ಬಂಟ್ವಾಳದ ಅಳತೆಪಟ್ಟಿಗೆ ಕಾಣುವುದಿಲ್ಲ. ಉಬ್ಬರವಂತೂ ಕಾಣುವುದೇ ಇಲ್ಲ.

ಇನ್ನೊಂದು ಸೂಕ್ಷ್ಮ ಉಂಟು. ಪಟ್ಟಿ ತೋರಿಸುವುದು ನೀರಿನ ಎತ್ತರವನ್ನು, ನೀರಿನ ಪ್ರಮಾಣವನ್ನಲ್ಲ. ನದಿಯ ತಳ ಹಾಗೆಯೇ ಇದ್ದರೆ ಎತ್ತರದಿಂದ ಪ್ರಮಾಣ ಊಹಿಸಬಹುದು. ನೇತ್ರಾವತಿಯ ತಳ ಹಾಗೆಯೇ ಇದೆಯೆಂದು ಈ ಜಿಲ್ಲೆಯಲ್ಲಿ ಯಾರಾದರೂ ಎದೆ ಮುಟ್ಟಿ ಹೇಳಲಿ ನೋಡೋಣ. ಮರಳು ತೆಗೆದು ತೆಗೆದು ‘ಪಾವೂರು ಉಳಿಯ’ ಎಂಬ ನಡುಹೊಳೆಯ ಕುದ್ರುವಿನ ಅಂಚೇ ಕರಗಿ ಹೊಳೆಗೆ ಬಿದ್ದ ಕತೆ ಎಲ್ಲರಿಗೂ ಗೊತ್ತಿದೆ. ತಳ ಇಳಿದ ಕಡೆ ಅಷ್ಟೇ ನೀರು ಬಂದರೂ ಮಟ್ಟ ಕಡಿಮೆ ತೋರುತ್ತದೆ. ಹೂಳು ನಿಂತ ಕಡೆ ಹೆಚ್ಚು ತೋರುತ್ತದೆ. ಹತ್ತು ವರ್ಷದ ಹಿಂದಿನ ಎಂಟೂವರೆಯೂ ಇವತ್ತಿನ ಎಂಟೂವರೆಯೂ ಒಂದೇ ನೀರಲ್ಲ. ನೇತ್ರಾವತಿಗೆ ಮೇಲೆ ಕಾವೇರಿ, ಕೃಷ್ಣೆಯಂತೆ ನೀರು ಹಿಡಿದು ಬಿಡುವ ದೊಡ್ಡ ಜಲಾಶಯವೂ ಇಲ್ಲ. ಕೆಆರ್‌ಎಸ್‌ನಲ್ಲಿ ಗೇಟು ಎತ್ತುವ ಮೊದಲು ಕೆಳಗಿನವರಿಗೆ ಹೇಳುತ್ತಾರೆ. ಚಾರ್ಮಾಡಿ, ಶಿರಾಡಿ, ಸುಬ್ರಹ್ಮಣ್ಯದ ಕಾಡಿನಲ್ಲಿ ಸುರಿದ ಮಳೆ ಯಾರ ಅಪ್ಪಣೆಗೂ ಕಾಯದೆ ಗಂಟೆಗಳಲ್ಲಿ ಇಳಿಯುತ್ತದೆ. ಆದ್ದರಿಂದ ಮಟ್ಟ ಎಷ್ಟು ಎನ್ನುವುದಕ್ಕಿಂತ ಗಂಟೆಗೆ ಎಷ್ಟು ಏರುತ್ತಿದೆ ಎನ್ನುವುದೇ ಕೇಳಬೇಕಾದ ಪ್ರಶ್ನೆ. ಆ ಪ್ರಶ್ನೆಯನ್ನು ಹೋಟೆಲಿನಲ್ಲಿ ಯಾರೂ ಕೇಳುವುದಿಲ್ಲ.

ಫಲ್ಗುಣಿಯವರ ಪಾಡಂತೂ ನಗು ಬರಿಸುವಂಥದು, ಅಳು ಬಾರದಿದ್ದರೆ. ಗುರುಪುರ, ಅದ್ದೂರು, ಮರವೂರು, ಕೂಳೂರಿನ ನೀರು ಬರುವುದು ಬೇರೆ ಕಣಿವೆಯಿಂದ. ಬಂಟ್ವಾಳಕ್ಕೂ ಆ ಹೊಳೆಗೂ ಸಂಬಂಧವೇ ಇಲ್ಲ, ಅಳಿವೆಯ ಒಂದು ಬಾಗಿಲನ್ನು ಬಿಟ್ಟರೆ. ಆದರೂ ಕೂಳೂರಿನ ಅಂಗಡಿಯವರೂ ಕೇಳುವುದು "ಬಂಟ್ವಾಳದಲ್ಲಿ ಎಷ್ಟು?" ಎಂದೇ.

"ರೆಡ್ ಅಲರ್ಟ್ ಬರುತ್ತದಲ್ಲ?" ಎನ್ನುವವರಿಗೆ ಎರಡೇ ಮಾತು. ಹವಾಮಾನ ಇಲಾಖೆಯ ಕೆಂಪು ಬಣ್ಣ 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಹೆಚ್ಚು ಮಳೆಯಾಗಬಹುದು ಎಂಬುದಕ್ಕೆ, ಅದೂ ಇಡೀ ಜಿಲ್ಲೆಗೆ. ಅದು ಆಕಾಶದ ಸುದ್ದಿ, ಹೊಳೆಯ ಸುದ್ದಿಯಲ್ಲ. ನಮ್ಮಲ್ಲಿ ಅದರ ಅರ್ಥ ಇನ್ನೂ ಇಳಿದುಹೋಗಿದೆ: ರೆಡ್ ಅಲರ್ಟ್ ಎಂದರೆ ಶಾಲೆಗೆ ರಜೆ. ರಜೆ ಕೊಟ್ಟ ದಿನ ಬಿಸಿಲು ಬಂದರೆ ಜಿಲ್ಲಾಧಿಕಾರಿಗೆ ತಮಾಷೆ, ರಜೆ ಕೊಡದ ದಿನ ಮಳೆ ಬಂದರೆ ಬೈಗುಳ. ಬೈಲಿನ ಮನೆಯವರು ಅಕ್ಕಿಚೀಲ ಅಟ್ಟಕ್ಕೆ ಏರಿಸಬೇಕೋ ಬೇಡವೋ ಎನ್ನುವುದನ್ನು ಯಾವ ಬಣ್ಣವೂ ಹೇಳುವುದಿಲ್ಲ.

"ಹಿರಿಯರಿಗೆ ಹೊಳೆ ಗೊತ್ತಿತ್ತು, ಈ ಯಂತ್ರಗಳೆಲ್ಲ ಯಾಕೆ?" ಇದು ನನಗೆ ಪ್ರಿಯವಾದ ಆಕ್ಷೇಪ, ಯಾಕೆಂದರೆ ಅದು ತನ್ನ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಹಿರಿಯರಿಗೆ ಗೊತ್ತಿದ್ದದ್ದು ಅಳೆಯುತ್ತಿದ್ದುದರಿಂದ. ಉಪ್ಪಿನಂಗಡಿಯಲ್ಲಿ ಇವತ್ತಿಗೂ ಜನ ಸಹಸ್ರಲಿಂಗೇಶ್ವರ ದೇವಸ್ಥಾನದ ಸ್ನಾನಘಟ್ಟದ ಮೆಟ್ಟಿಲು ಎಣಿಸುತ್ತಾರೆ. ಇಷ್ಟು ಮುಳುಗಿತು, ಇಷ್ಟು ಉಳಿಯಿತು ಎಂದು. ಕುಮಾರಧಾರೆಯೂ ನೇತ್ರಾವತಿಯೂ ಉಕ್ಕಿ ದೇವಳದ ಎದುರೇ ಕೂಡಿಕೊಂಡರೆ ಅದು ‘ಸಂಗಮ’, ಗಂಗಾಪೂಜೆ ಆಗುತ್ತದೆ. ಭಕ್ತಿಯ ಒಳಗೆ ಒಂದು ಅಳತೆಗೋಲು ಅಡಗಿದೆ. ಕಣ್ಣೂರಿನ ಬೈಲಿನಲ್ಲಿ ನನಗೆ ಪರಿಚಯದ ಅಜ್ಜಿಯೊಬ್ಬರು ಹೊಳೆ ನೋಡಲು ಹೋಗುತ್ತಲೇ ಇರಲಿಲ್ಲ, ಬಾವಿ ನೋಡುತ್ತಿದ್ದರು. ಬಾವಿಯ ನೀರು ಮೇಲಿನಿಂದ ಮೂರನೇ ಕಲ್ಲಿಗೆ ಬಂದರೆ ದನ ಬಿಚ್ಚಬೇಕು, ಅಷ್ಟೇ ಅವರ ಶಾಸ್ತ್ರ. ತುಳುನಾಡಿನ ಗದ್ದೆಗಳಿಗೆ ಬೆಟ್ಟು, ಮಜಲು, ಬೈಲು ಎಂದು ಮೂರು ಹೆಸರಿಟ್ಟವರು ನೀರು ಎಲ್ಲಿಯವರೆಗೆ ಬರುತ್ತದೆಂದು ನೆಲದ ಮೇಲೆಯೇ ಬರೆದಿಟ್ಟು ಹೋದರು. 1923ರ ನೆರೆಯನ್ನು ‘ಮಾರಿಬೊಳ್ಳ’ ಎಂದು ಕರೆದು, 1974ರದನ್ನು ಅದರ ಪಕ್ಕ ಇಟ್ಟು, ಅದಕ್ಕಿಂತ ಇದು ಇಷ್ಟು ಗೇಣು ಕಡಿಮೆ ಎಂದು ಮಾತಾಡುತ್ತಿದ್ದವರು ಅವರು.

ಹಾಗಾದರೆ ಆ ಜ್ಞಾನ ಈಗ ಯಾಕೆ ಸಾಲದು? ನೆಲ ಬದಲಾಗಿದೆ, ಅದಕ್ಕೆ. ಗುಡ್ಡ ಕಡಿದು ತಂದ ಕೆಂಪು ಮಣ್ಣು ಬೈಲಿಗೆ ಬಿದ್ದಿದೆ. ನೀರು ನಿಲ್ಲುತ್ತಿದ್ದ ಗದ್ದೆಯಲ್ಲಿ ಅಪಾರ್ಟ್‌ಮೆಂಟ್ ನಿಂತಿದೆ, ನೀರು ಪಕ್ಕದ ಹೆಂಚಿನ ಮನೆಗೆ ಸರಿದಿದೆ. ಹೆದ್ದಾರಿ ಎತ್ತರಕ್ಕೇರಿ ಕಟ್ಟೆಯಾಗಿದೆ. ಅಜ್ಜಿಯ ಬಾವಿಗೆ ಪಂಪು ಕೂತು ಬಾಯಿ ಮುಚ್ಚಿದೆ. ಅಪಾರ್ಟ್‌ಮೆಂಟಿಗೆ ಬಂದವರಿಗೆ ತಾವು ಕೊಂಡದ್ದು ಬೈಲು ಎನ್ನುವುದೇ ತಿಳಿದಿಲ್ಲ, ಕಟ್ಟಡದ ಹೆಸರಿನಲ್ಲಿ ‘ರಿವರ್ ವ್ಯೂ’ ಎಂದಿದ್ದರೂ. ಹಿರಿಯರ ಹೆಸರು ಹೇಳಿ ಅಳತೆಯನ್ನು ಬೇಡ ಎನ್ನುವವರು ಹಿರಿಯರಿಂದ ಕಲಿತದ್ದು ಏನೂ ಇಲ್ಲ.

ಕೊನೆಯ ವಾದ ಕಚೇರಿಗಳದು. ಯಾರೂ ಬರೆದು ಕೊಡುವುದಿಲ್ಲ, ಆದರೆ ಮಾತಿಗೆ ಕೂತರೆ ಹೇಳುತ್ತಾರೆ: ನಿಮಿಷ ನಿಮಿಷಕ್ಕೂ ಮಟ್ಟ ಹೇಳಿದರೆ ಜನ ಗಾಬರಿಯಾಗುತ್ತಾರೆ. ಇದಕ್ಕೆ ಉತ್ತರ ತುಂಬೆಯಲ್ಲಿದೆ.

ಏಪ್ರಿಲ್ ಬಂತೆಂದರೆ ಈ ನಗರದ ಪತ್ರಿಕೆಗಳಲ್ಲಿ ನಮಗೆ ಕುಡಿಯುವ ನೀರು ಕೊಡುವ ತುಂಬೆ ಕಿಂಡಿ ಅಣೆಕಟ್ಟಿನ ಮಟ್ಟ ಕಾಣಿಸಿಕೊಳ್ಳುತ್ತದೆ. ಆರು ಮೀಟರ್ ಇತ್ತು, ಐದಕ್ಕೆ ಇಳಿಯಿತು, ಇನ್ನು ಇಷ್ಟು ದಿನಕ್ಕೆ ಸಾಕು. ಗೃಹಿಣಿಯರಿಗೂ ಗೊತ್ತು, ಫ್ಲ್ಯಾಟಿನ ವಾಚ್‌ಮನ್‌ಗೂ ಗೊತ್ತು. 2019ರ ಬೇಸಿಗೆಯಲ್ಲಿ ಅದೇ ಅಂಕಿ ನೋಡಿ ನೀರಿನ ರೇಷನಿಂಗ್ ನಡೆಯಿತು. ಜನ ಡ್ರಮ್ಮು ತುಂಬಿಸಿಟ್ಟರು, ಟ್ಯಾಂಕರಿಗೆ ಫೋನು ಮಾಡಿದರು, ಮಳೆಗೆ ಪ್ರಾರ್ಥನೆಯನ್ನೂ ಮಾಡಿದರು. ಗಾಬರಿಯಾಗಿ ಊರು ಬಿಟ್ಟು ಓಡಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಅದೇ ಹೊಳೆ ಉಕ್ಕಿದಾಗ ಮಾತ್ರ ನಗರದವರಿಗೆ ತಮ್ಮ ಕಾಲಬುಡದ ಅಂಕಿ ಬೇಡವಾಯಿತು, ಬಂಟ್ವಾಳದ್ದೇ ಸಾಕಾಯಿತು. ನಲ್ಲಿಯಲ್ಲಿ ನೀರು ಬಾರದಿದ್ದರೆ ಅದು ದಿಣ್ಣೆಯ ಮನೆಗೂ ಬಾರದು. ಆದ್ದರಿಂದ ಇಂಚು ಇಂಚು ಲೆಕ್ಕ. ಮನೆಗೆ ನೀರು ಬಂದರೆ ಅದು ಬೈಲಿಗೆ ಮಾತ್ರ. ಲೆಕ್ಕ ಎಲ್ಲಿ ತಪ್ಪುತ್ತಿದೆ ಎನ್ನುವುದನ್ನು ಇದಕ್ಕಿಂತ ಬಿಡಿಸಿ ಹೇಳಬೇಕೆ?

ಪಣಂಬೂರಿನ ಬಂದರಿನಲ್ಲಿ ಉಬ್ಬರ ಅಳೆಯುವ ಮಾಪಕ ಉಂಟು. ಹಡಗು ಒಳಗೆ ಬರಬೇಕಾದರೆ ನೀರಿನ ಆಳ ತಿಳಿಯಬೇಕು, ಸರಿ. ಹಡಗಿಗೆ ಕೊಡುವ ಮರ್ಯಾದೆ ಬೆಂಗ್ರೆಯ ಮನೆಗೂ ಕೊಡಬಾರದೇ ಎಂದಷ್ಟೇ ಕೇಳುವುದು. ವಿದ್ಯೆಗೂ ಬರವಿಲ್ಲ: ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ನೀರನ್ನೇ ಓದುವ ವಿಭಾಗ ಇದೆ, ಎಕ್ಕೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ. ಯಲಹಂಕದಲ್ಲಿ ಕೂತ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತಿ ಮಟ್ಟದಲ್ಲಿ ಮಳೆ ಅಳೆಯುತ್ತದೆ, ಬೆಂಗಳೂರಿನ ರಾಜಕಾಲುವೆಗಳಿಗೆ ಮಟ್ಟ ಹೇಳುವ ಸೆನ್ಸರುಗಳೂ ಬಂದಿವೆ. ಕೇಂದ್ರ ಜಲ ಆಯೋಗ 2023ರಲ್ಲಿ ಮೊಬೈಲಿಗೆ ‘ಫ್ಲಡ್‌ವಾಚ್ ಇಂಡಿಯಾ’ ಎಂಬ ಆ್ಯಪ್ ತಂದಿತು. ಆದರೆ ತೆರೆದು ನೋಡಿದವನಿಗೆ ತನ್ನ ಅಂಗಳದ ಉತ್ತರ ಬೇಕು, ಯಾವುದೋ ದೂರದ ಪಟ್ಟಿಯದಲ್ಲ.

ಹಣ ಇಲ್ಲ ಎನ್ನಬೇಡಿ. 2016ರಲ್ಲೇ ನಾವು ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದವರು. ನೇತ್ರಾವತಿಯ ದಂಡೆಗೆ ವಾಯುವಿಹಾರದ ಪಥ ಬೇಕೆಂದು ಕೋಟಿಗಟ್ಟಲೆ ಯೋಜನೆ ಹಾಕಿದವರಿಗೆ ಸೇತುವೆಯ ಕಂಬಕ್ಕೆ ಬಣ್ಣದಲ್ಲಿ ಅಳತೆಯ ಗೆರೆ ಹಾಕುವುದು ಹೊರೆಯಾಗದು. ತಡೆಗೋಡೆ ಕಟ್ಟಿದರೆ ಎಲ್ಲ ಸರಿಹೋಗುತ್ತದೆ ಎನ್ನುವ ಗುತ್ತಿಗೆದಾರರ ಶಾಸ್ತ್ರಕ್ಕೆ ಇಲ್ಲಿ ಜಾಗ ಕೊಡುವುದಿಲ್ಲ. ಹೊಳೆಯ ನೀರನ್ನು ಹೊರಗೆ ನಿಲ್ಲಿಸುವ ಗೋಡೆ ಮಳೆಯ ನೀರನ್ನು ಒಳಗೆ ನಿಲ್ಲಿಸುತ್ತದೆ, ಅಷ್ಟೇ.

ಕೈರೋದ ರೋಡಾ ದ್ವೀಪದಲ್ಲಿ ನೈಲ್ ನದಿಯನ್ನು ಅಳೆಯಲು 861ರಲ್ಲಿ ಬಾವಿಯೊಳಗೆ ನಿಲ್ಲಿಸಿದ ಕಲ್ಲಿನ ಕಂಬ ಇನ್ನೂ ಉಂಟು. ನದಿ ಇವತ್ತು ಎಷ್ಟು ಏರಿತು ಎಂದು ಬೀದಿ ಬೀದಿಯಲ್ಲಿ ಕೂಗಿ ಹೇಳುವ ಜನ ಆ ಊರಿನಲ್ಲಿದ್ದರು. ಸಾವಿರ ವರ್ಷ ದಾಟಿದ ಆ ತಂತ್ರಕ್ಕಿಂತ ಹೆಚ್ಚಿನದನ್ನು ನಾನು ಕೇಳುತ್ತಿಲ್ಲ. ಒಂದು ಕಂಬ, ಒಂದು ಗೆರೆ, ಒಂದು ಕೂಗು. ನೇತ್ರಾವತಿಯ ಹೆದ್ದಾರಿ ಸೇತುವೆ, ಅಡ್ಯಾರು–ಹರೇಕಳದ ಸೇತುವೆ, ಕೂಳೂರು ಮತ್ತು ಗುರುಪುರದ ಸೇತುವೆಗಳ ಕಂಬಗಳಿಗೆ ದೂರದಿಂದ ಕಾಣುವಂತೆ ಮೀಟರಿನ ಗೆರೆ ಎಳೆಯಿರಿ. ತುಂಬೆಯಲ್ಲಿ ಏಪ್ರಿಲಿನಲ್ಲಿ ಮಟ್ಟ ಓದುವವರು ಜುಲೈಯಲ್ಲೂ ಓದಲಿ. ಆ ಅಂಕಿಯ ಪಕ್ಕದಲ್ಲಿ ಅಂದಿನ ಉಬ್ಬರದ ಗಂಟೆ ಬರೆಯಿರಿ. ಯಾವ ಗೆರೆಗೆ ನೀರು ಬಂದರೆ ಯಾವ ಬೈಲಿನ ಯಾವ ಮನೆಯ ಮೆಟ್ಟಿಲು ಒದ್ದೆಯಾಗುತ್ತದೆ ಎನ್ನುವ ಪಟ್ಟಿಯನ್ನು ಆ ಮನೆಯವರನ್ನೇ ಕೂರಿಸಿಕೊಂಡು ಮಾಡಿ. ಅವರಿಗೆ ಗೊತ್ತಿದೆ, ಕೇಳಿದವರಿಲ್ಲ. ಕೂಗುವುದಕ್ಕೆ ಮಸೀದಿ, ದೇವಸ್ಥಾನ, ಇಗರ್ಜಿಗಳ ಮೈಕುಗಳುಂಟು. ನಮ್ಮೂರಿನಲ್ಲಿ ಮೈಕಿಗೆ ಯಾವತ್ತೂ ಕೊರತೆಯಾದದ್ದಿಲ್ಲ.

ಮುಂದಿನ ಆಟಿಯಲ್ಲಿ ಹೋಟೆಲಿನ ಆ ಮೇಜಿನಲ್ಲಿ ಯಾರಾದರೂ "ಬಂಟ್ವಾಳದಲ್ಲಿ ಎಷ್ಟುಂಟು?" ಎಂದು ಕೇಳಿದರೆ, "ಜಪ್ಪಿನಮೊಗರಿನಲ್ಲಿ ಎಷ್ಟುಂಟು? ಉಬ್ಬರ ಎಷ್ಟು ಗಂಟೆಗೆ?" ಎಂದು ನೀವು ತಿರುಗಿ ಕೇಳಿ. ಅವರಿಗೆ ಗೊತ್ತಿರುವುದಿಲ್ಲ. ಮರುದಿನ ಅದೇ ಪ್ರಶ್ನೆಯನ್ನು ಬಿಳಿ ಹಾಳೆಯಲ್ಲಿ ಬರೆದು ಮಹಾನಗರ ಪಾಲಿಕೆಗೆ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.